ಕೇಸರಿ ಗುಡ್ಡದ ಹುಡುಗಿಯ ಕಾಲು

ಕಿತಾನೆಯ ಅಂಗಾಲು ಸೀಳಿದಾಗ ನಾನು ಅಲ್ಲೇ ಇದ್ದೆ. ನಮ್ಮ ಥೇರಾ ದ್ವೀಪದ ಹುಡುಗಿಯರೆಲ್ಲ ಗುಡ್ಡದಲ್ಲಿ ದೇವಿಗೆಂದು ಕೇಸರಿ ಹೂ ಬಿಡಿಸುತ್ತಿದ್ದರು. ಚೂಪುಗಲ್ಲು ತಾಗಿ ನಾಲ್ಕು ಹನಿ ರಕ್ತ ಬಂತು, ಅಷ್ಟೇ. ಸೊಪ್ಪು ಅರೆದು ಕಟ್ಟಿದ್ದರೆ ಹೋಗುತ್ತಿತ್ತು. ಆದರೆ ಪೂಜಾರಿಣಿ ಯಸಾಯ ಕೈ ಮುಗಿದುಬಿಟ್ಟಳು.

"ದೇವಿ ಈ ಮಗೂನ ಒಪ್ಕೊಂಡ್ಲು! ಗುಡಿ ಗೋಡೆ ಮೇಲೆ ಇವಳ ಚಿತ್ರ ಬರ್ಬೇಕು, ರಕ್ತ ಸೋರೋ ಕಾಲಿನ ಸಮೇತ."

ಗೋಡೆಯ ಮೇಲೆ ಬರುವುದೆಂದರೆ ಸಾಮಾನ್ಯವೇ? ತಾಯಿ ದಿನಾರೊಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹುಡುಗಿಗೆ ಬೇಕಿದ್ದುದು ಒಂದೇ, ಸುಗ್ಗಿ ಹಬ್ಬದಲ್ಲಿ ಕುಣಿಯುವುದು. "ಅತ್ತೆ, ಅಷ್ಟರೊಳಗೆ ವಾಸಿಯಾಗುತ್ತೆ ಅಲ್ವಾ?" ಎಂದು ಬಣ್ಣ ಅರೆಯುತ್ತಿದ್ದ ನನ್ನನ್ನು ಕೇಳುತ್ತಲೇ ಇದ್ದಳು.

ವಾಸಿಯಾಗಲು ಬಿಟ್ಟರೆ ತಾನೇ! ಚಿತ್ರಗಾರ ಕುಪಾನು ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯುವ ಆಸಾಮಿ. ದಿನಾ ಗೋಡೆಗೆ ಒಂದಿಷ್ಟು ಹಸಿ ಗಾರೆ ಬಳಿದು ಹುಡುಗಿಯನ್ನು ಎದುರಿಗೆ ಕೂರಿಸುತ್ತಿದ್ದ. ಅಷ್ಟರಲ್ಲಿ ಗಾಯಕ್ಕೆ ಹಕ್ಕಳೆ ಕಟ್ಟಿರುತ್ತಿತ್ತು.

"ರಕ್ತ ಕಾಣ್ತಾನೇ ಇಲ್ವಲ್ಲ ದೊಡ್ಡಮ್ಮ" ಎನ್ನುತ್ತಿದ್ದ.

ಯಸಾಯ ಬಗ್ಗಿ ಉಗುರಿನಿಂದ ಹಕ್ಕಳೆ ಕೀಳುತ್ತಿದ್ದಳು. ಹುಡುಗಿ ಚೀರಿದರೆ ಹೆತ್ತ ತಾಯಿಯೇ ಭುಜ ಅದುಮಿ, "ಸುಮ್ನಿರೇ, ನಿನ್ ಪುಣ್ಯ ಕಣೇ" ಎನ್ನುತ್ತಿದ್ದಳು. ಪುಣ್ಯವಂತೆ, ಮಣ್ಣು! ನಾನು ಅರೆಯುವ ಕಲ್ಲು ಕೆಳಗಿಟ್ಟು ಕುಪಾನುವನ್ನು ಕೇಳಿದೆ.

"ಕೆಂಪು ಬಣ್ಣ ನಾನು ಅರೆದು ಕೊಡ್ತಿಲ್ವೇನೋ? ಅದನ್ನ ಬಳಿಯೋಕೆ ಮಗು ಕಾಲಿನ ಹಕ್ಕಳೆ ಯಾಕೆ ಕೀಳ್ಬೇಕು?"

"ನಿನ್ನ ಕೆಲಸ ಅರೆಯೋದು. ಬಾಯಿ ಮುಚ್ಕೊಂಡು ಅರಿ" ಎಂದಳು ಯಸಾಯ.

ಚಿತ್ರ ಮುಗಿಯುವ ಹೊತ್ತಿಗೆ ಕಾಲು ಮೊಣಕಾಲಿನವರೆಗೂ ಬಾತು, ಕಪ್ಪಾಗಿ ನಾರುತ್ತಿತ್ತು. ಆಗಲೇ ಬೆಟ್ಟ ಹೊಗೆಯುಗುಳಿ ಬೂದಿ ಸುರಿಸತೊಡಗಿತು. ಊರಿಗೆ ಊರೇ ದೋಣಿ ಹತ್ತಿತು. ಕಿತಾನೆಯನ್ನು ನಾನು ಬೆನ್ನ ಮೇಲೆ ಹೊತ್ತು ತಂದೆ. ನಡುಗಡಲಿನಲ್ಲಿ ಜ್ವರದಲ್ಲೇ ಹಬ್ಬದ ಹಾಡು ಗುನುಗುತ್ತಾ ಪ್ರಾಣ ಬಿಟ್ಟಳು. ಹೆಣವನ್ನು ನೀರಿಗೆ ಹಾಕಿದೆವು. ದಿನಾರೊ ಎದೆ ಎದೆ ಬಡಿದುಕೊಂಡಳು.

"ಯಾಕೇ ಅಳ್ತೀಯಾ? ಗೋಡೆ ಮೇಲೆ ಚೆನ್ನಾಗೇ ಇದಾಳಲ್ಲ" ಎಂದಳು ಯಸಾಯ.

ನಮ್ಮ ಬೆನ್ನ ಹಿಂದೆ ಬೆಟ್ಟ ಸಿಡಿದು ಗೋಡೆ, ಗುಡಿ, ಊರು ಎಲ್ಲವೂ ಬೂದಿಯಡಿ ಮುಚ್ಚಿಹೋದವು. ನಾವು ಕ್ರೀಟ್ ದ್ವೀಪದ ದಡಕ್ಕೆ ಬಂದು ಬಿದ್ದೆವು. ತಲೆಯ ಮೇಲೆ ಸೂರಿಲ್ಲ, ಆ ಮಹಾತಾಯಿ ಯಸಾಯಳಿಗೆ ಆಗಲೇ ಹೊಸ ಗುಡಿಯ ಯೋಚನೆ. ಕುಪಾನುವನ್ನು ಕರೆದಳು.

"ಆ ಚಿತ್ರಾನ ಇಲ್ಲೂ ಬರೀಬೇಕು ಕಣೋ. ಹುಡುಗಿ ನೆನಪಿದಾಳಾ?"

"ಮುಖ ನೆನಪಿದೆ" ಎಂದ ಅವನು, ಬಾರ್ಲಿ ರೊಟ್ಟಿ ಅಗಿಯುತ್ತಾ. "ಕಾಲಿಗೆ ಬೇರೆ ಹುಡುಗಿ ಬೇಕಾಗುತ್ತೆ."

ಇಬ್ಬರೂ ತಿರುಗಿ, ಮರಳಲ್ಲಿ ಬರಿಗಾಲಲ್ಲಿ ಓಡಾಡುತ್ತಿದ್ದ ಹುಡುಗಿಯರನ್ನು ನೋಡತೊಡಗಿದರು. ಅವರಲ್ಲಿ ನನ್ನ ಮಗಳೂ ಇದ್ದಳು.