ಹಲ್ಲಿನಿಂದ ಕೇಳುತ್ತಿದ್ದ ಗುತ್ಯಪ್ಪ

ಗುತ್ಯಪ್ಪನವರು ವಾದ್ಯದ ನಾದವನ್ನು ಕೇಳುತ್ತಿದ್ದುದು ಹಲ್ಲಿನಿಂದ. ಶಿಕಾರಿಪುರದ ಪೇಟೆಬೀದಿಯಲ್ಲಿ ಒಂದು ಮಗ್ಗುಲಿಗೆ ತಾಮ್ರದ ಕೊಡ ಬಡಿಯುವ ಅಂಗಡಿ, ಇನ್ನೊಂದು ಮಗ್ಗುಲಿಗೆ ಹಿಟ್ಟಿನ ಗಿರಣಿ, ಇವೆರಡರ ನಡುವಿನ ಚಾಪೆಯಗಲದ ಜಾಗದಲ್ಲಿ ಕುಳಿತು ಅವರು ತಂಬೂರಿ, ಏಕತಾರಿ, ಹಾರ್ಮೋನಿಯಂಗಳನ್ನು ರಿಪೇರಿ ಮಾಡುತ್ತಿದ್ದರು. ಆ ಗದ್ದಲದಲ್ಲಿ ತಂತಿಯ ದನಿ ಯಾವ ಕಿವಿಗೆ ತಾನೆ ಬಿದ್ದೀತು? ಬಿರಡೆಯನ್ನು ತಿರುಗಿಸುತ್ತ ತಿರುಗಿಸುತ್ತ ತಂಬೂರಿಯ ಕೊರಳಿಗೆ ಮೆಲ್ಲನೆ ಬಾಯಿ ಹಚ್ಚಿ, ಮುಂದಿನ ಎರಡು ಹಲ್ಲುಗಳಿಂದ ಮರವನ್ನು ಕಚ್ಚಿ, ಕಣ್ಣು ಮುಚ್ಚಿಬಿಡುತ್ತಿದ್ದರು. ಕಂಪನವು ಮರದಿಂದ ಹಲ್ಲಿಗೆ, ಹಲ್ಲಿನಿಂದ ದವಡೆಗೆ, ದವಡೆಯಿಂದ ತಲೆಯೊಳಕ್ಕೆ ಹರಿಯುತ್ತಿತ್ತಂತೆ. ಮೊದಲ ದಿನ ನೋಡಿದಾಗ, ಪಾಪ, ಈ ಮನುಷ್ಯ ಹಸಿದಿದ್ದಾನೋ ಅಥವಾ ತಲೆ ನೆಟ್ಟಗಿಲ್ಲವೋ ಎಂದು ನಾನು ಅನುಮಾನಿಸಿದ್ದು ನಿಜ.

ಸಾವಿರದ ಒಂಬೈನೂರ ಐವತ್ತೇಳರಲ್ಲಿ ಅಲ್ಲಿನ ಮಿಡ್ಲ್ ಸ್ಕೂಲಿಗೆ ವರ್ಗವಾಗಿ ಬಂದ ನನಗೆ ಅವರ ಪರಿಚಯವಾದದ್ದು ಶಾಲೆಯ ಹಾರ್ಮೋನಿಯಮ್ಮಿನ ದೆಸೆಯಿಂದ. ಆಗ ಅವರಿಗೆ ಸುಮಾರು ಐವತ್ತರ ವಯಸ್ಸು, ಕೃಶ ಶರೀರ. ಯಾರೋ ಕೋರ್ಟಿನ ಅಮೀನರು ಕೊಟ್ಟ ಕಪ್ಪು ಕೋಟನ್ನು ಬೇಸಿಗೆಯಲ್ಲೂ ಬಿಡುತ್ತಿರಲಿಲ್ಲ. ಅದರ ಜೇಬುಗಳಲ್ಲಿ ಮೇಣದ ಉಂಡೆ, ತಂತಿಯ ಸುರುಳಿ, ನೂಲು, ಎಲೆಯಡಿಕೆ ಎಲ್ಲ ಒಟ್ಟೊಟ್ಟಿಗೆ ಸಂಸಾರ ಮಾಡುತ್ತಿದ್ದವು. ನಡೆಯುವಾಗ ಎಡಭುಜವನ್ನು ತುಸು ಎತ್ತಿ, ಅಲ್ಲೊಂದು ಅದೃಶ್ಯ ತಂಬೂರಿ ಒರಗಿದೆಯೋ ಎಂಬಂತೆ, ಜನರ ನಡುವೆ ಹುಷಾರಾಗಿ ಹಾಯುತ್ತಿದ್ದರು. ಶ್ರುತಿ ಸೇರಿದೊಡನೆ ‘ಕೂತ್ಕಂತು’ ಎನ್ನುವುದು ಅವರ ಪದ್ಧತಿ. ಆ ಒಂದು ಮಾತನ್ನು ಅವರು ಎಲ್ಲದಕ್ಕೂ ಬಳಸುತ್ತಿದ್ದರು: ಗೋಡೆಗೆ ಹೊಡೆದ ಮೊಳೆಯೂ ಕೂರುತ್ತಿತ್ತು, ಮಾಡಿದ ಊಟವೂ ಕೂರುತ್ತಿತ್ತು, ನೆಂಟಸ್ತನವೂ ಕೂರುತ್ತಿತ್ತು.

ಇನ್ನೊಂದು ಹಟ ಅವರಿಗಿತ್ತು. ವಾದ್ಯ ಯಾರದೋ ಅವರು ಅಂಗಡಿಗೆ ಬಂದು ಕುಳಿತು ಒಂದು ಸೊಲ್ಲು ಹಾಡುವ ತನಕ ಅದರ ಹೊಸ ತಂತಿಯನ್ನು ಇನ್ನೊಬ್ಬರ ಮುಂದೆ ನುಡಿಸುತ್ತಿರಲಿಲ್ಲ, ಇನ್ನೊಬ್ಬರ ಕೈಗೆ ಕೊಡುತ್ತಲೂ ಇರಲಿಲ್ಲ. ಈಸೂರಿನ ಭಜನೆಯವರು ಒಮ್ಮೆ ತಂಬೂರಿ ಒಯ್ಯಲು ಆಳನ್ನು ಕಳಿಸಿದಾಗ, ‘ಹಾಡೋರು ಯಾರೋ ಅವ್ರು ಬರ್ಲಿ. ಮೊದಲ್ನೇ ದನಿ ಅವ್ರದ್ದು’ ಎಂದು ಬರಿಗೈಯಲ್ಲಿ ವಾಪಸು ಅಟ್ಟಿದ್ದರು. ಹಾಡುವವರು ಮರುದಿನ ಗೊಣಗುತ್ತಲೇ ಬಂದು, ತಾಮ್ರದ ಸುತ್ತಿಗೆಗಳ ನಡುವೆ ಕುಳಿತು ಹಾಡಿ, ತಂಬೂರಿ ತೆಗೆದುಕೊಂಡು ಹೋದರು.

ಗುತ್ಯಪ್ಪನವರ ಹುಟ್ಟೂರು ಸೊರಬದ ಕಡೆಯ ಉಳವಿ. ತಾಯಿ ತೀರಿಕೊಂಡಾಗ ಅವರು ತೊಟ್ಟಿಲ ಕೂಸು. ಎತ್ತಿ ಸಾಕಿದವಳು ಹನ್ನೆರಡು ವರ್ಷ ದೊಡ್ಡವಳಾದ ಅಕ್ಕ ಹುಚ್ಚಮ್ಮ. ಗದ್ದೆಯಿಂದ ಬಂದು ಕೈಕಾಲು ತೊಳೆದು ಏಕತಾರಿ ಹಿಡಿದಳೆಂದರೆ ಮೂರು ಕೇರಿಯ ಜನ ಜಗುಲಿಗೆ ಬಂದು ಕೂರುತ್ತಿದ್ದರಂತೆ. ತತ್ವಪದಗಳ ಭಂಡಾರವೇ ಅವಳಲ್ಲಿತ್ತು. ತಮ್ಮನಿಗೆ ನಾದದ ಹುಚ್ಚು ಹತ್ತಿದ್ದು ಆ ಜಗುಲಿಯಲ್ಲಿ. ಆದರೆ ಎಳವೆಯಿಂದಲೂ ಸೋರುತ್ತಿದ್ದ ಅವಳ ಕಿವಿಗಳು ವಯಸ್ಸಾದಂತೆ ಮುಚ್ಚಿಕೊಳ್ಳುತ್ತ ಬಂದವು. ನನಗೆ ಗುತ್ಯಪ್ಪನವರ ಪರಿಚಯವಾಗುವ ಆರು ವರ್ಷದ ಹಿಂದೆ ಒಂದು ಭಜನೆಯಲ್ಲಿ ಹಾಡುತ್ತಿದ್ದಾಗ ಶ್ರುತಿ ಎಲ್ಲೋ, ದನಿ ಎಲ್ಲೋ ಆಗಿ, ಹಾರ್ಮೋನಿಯಂನವನು ಕೈ ನಿಲ್ಲಿಸಿದ. ಹಿಂದೆ ಕುಳಿತ ಹುಡುಗಿಯರು ಕಿಸಕ್ಕೆಂದರು. ನಗು ಕೇಳಿಸದಿದ್ದರೂ ನಗುವ ಮುಖಗಳು ಕಾಣುತ್ತವಲ್ಲ! ಹುಚ್ಚಮ್ಮ ಸೆರಗು ಹೊದ್ದು ಎದ್ದು ಹೋದವಳು ಮತ್ತೆ ಬಾಯಿ ತೆರೆಯಲಿಲ್ಲ.

‘ದನಿ ಹಂಗೇ ಐತೆ ಮೇಷ್ಟ್ರೇ, ಹಾಳಾಗಿಲ್ಲ. ಶ್ರುತಿ ಅವಳ್ನ ಮುಟ್ಟಲ್ಲ, ಅಷ್ಟೇಯ’ ಎನ್ನುವರು ಗುತ್ಯಪ್ಪ. ಮುಟ್ಟಿಸಲು ಅವರು ಮಾಡದ ಸಾಹಸವಿಲ್ಲ. ಹಂಡೆಯಂಥ ಬುರುಡೆಯ ತಂಬೂರಿ ಕಟ್ಟಿದರು. ಆಚೀಚೆ ಎರಡೆರಡು ತಂಬೂರಿ ಮೀಟಿಸಿದರು. ಅಕ್ಕ ತಲೆಯಾಡಿಸಿ ನಕ್ಕು ಒಲೆಯ ಮುಂದೆ ಹೋಗಿ ಕುಳಿತಳು. ಅಕ್ಕ ಇನ್ನೊಂದು ಸಲ ಹಾಡಬೇಕು ಎಂಬ ಒಂದೇ ಆಸೆಯನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಅವರು ತಿರುಗುತ್ತಿದ್ದರು. ಇದನ್ನು ಅವರು ಮರೆಮಾಚುತ್ತಲೂ ಇರಲಿಲ್ಲ.

ಒಂದು ಭಾನುವಾರ ನಮ್ಮ ಮನೆಯ ರೇಡಿಯೋದಲ್ಲಿ ಎಲೆಕ್ಟ್ರಿಕ್ ಗಿಟಾರ್ ಬರುತ್ತಿತ್ತು. ಮಡಿಲ ಮೇಲೆ ಅಡ್ಡ ಮಲಗಿಸಿ ಉಕ್ಕಿನ ತುಂಡೊಂದನ್ನು ತಂತಿಯ ಮೇಲೆ ಜಾರಿಸಿ ನುಡಿಸುವ ಹವಾಯಿ ಗಿಟಾರು. ಮೊದಲೇ ಒಂದಿಷ್ಟು ತಿಳಿದವನ ಗತ್ತು ನನಗೆ. ಅದಕ್ಕೆ ಬುರುಡೆಯಿಲ್ಲ, ಬರೀ ಹಲಗೆ, ತಂತಿಯ ಕೆಳಗೊಂದು ಅಯಸ್ಕಾಂತವಿದ್ದು ನಾದ ವಿದ್ಯುತ್ತಾಗಿ ಹರಿಯುತ್ತದೆ, ಗುಂಡಿ ತಿರುಗಿಸಿದಷ್ಟೂ ದೊಡ್ಡದಾಗುತ್ತದೆ, ನಮ್ಮ ರೇಡಿಯೋದ ಬೆನ್ನಿಗಿರುವ, ಗ್ರಾಮಫೋನ್ ಜೋಡಿಸುವ ತೂತಿಗೂ ಅದನ್ನು ಸಿಕ್ಕಿಸಬಹುದು ಎಂದೆಲ್ಲ ವಿವರಿಸಿದೆ. ಗುತ್ಯಪ್ಪನವರು ಕಾಫಿಯ ಲೋಟವನ್ನು ಕೆಳಗಿಟ್ಟರು.

‘ಎಷ್ಟು ಬೇಕಾದ್ರೂ ದೊಡ್ಡದು ಮಾಡಬಹುದಾ?’

‘ಎಷ್ಟು ಬೇಕಾದರೂ.’

‘ಹಂಗಾರೆ ಅದನ್ನ ತಂಬೂರಿ ಮಾಡಬಹುದು’ ಎಂದರು.

ದಸರೆಯ ರಜೆಯಲ್ಲಿ ನಾವಿಬ್ಬರೂ ಬೆಂಗಳೂರಿಗೆ ಹೋದೆವು. ವಾದ್ಯದ ಅಂಗಡಿಯ ಯುವಕ, ಟೈ ಕಟ್ಟಿದವನು, ಇಂಗ್ಲಿಷಿನಲ್ಲಿ ಗುಣಗಾನ ಆರಂಭಿಸುವಷ್ಟರಲ್ಲಿ ಗುತ್ಯಪ್ಪನವರು ಹೊಳೆಯುವ ಕೆಂಪು ಗಿಟಾರೊಂದನ್ನು ಎತ್ತಿ ಅದರ ತಲೆಯನ್ನು ಕಚ್ಚಿದರು. ನಾನು ಗೋಡೆಯ ಕಡೆ ತಿರುಗಿ ಕ್ಯಾಲೆಂಡರ್ ಓದತೊಡಗಿದೆ. ನಾಲ್ಕು ಗಿಟಾರುಗಳನ್ನು ಹೀಗೆ ರುಚಿ ನೋಡಿ, ಬಣ್ಣಗೆಟ್ಟ ಕಂದು ಹಲಗೆಯದೊಂದನ್ನು ಹಿಡಿದು, ‘ಈ ಮರ ಒಣಗೇತೆ, ಇದು ಸಾಕು’ ಎಂದರು. ಯುವಕ ಅದನ್ನು ಅಂಗಡಿಯ ಯಂತ್ರಕ್ಕೆ ಸಿಕ್ಕಿಸಿ ಮೀಟಿದಾಗ ಕಪಾಟಿನ ಗಾಜು ನಡುಗಿತು. ಗುತ್ಯಪ್ಪನವರ ಕಣ್ಣಲ್ಲಿ ನೀರು ನಿಂತಿತು. ನನಗೆ ನಾಚಿಕೆಯೆಲ್ಲ ಮರೆತುಹೋಗಿ, ಈ ಮನುಷ್ಯನ ಜೊತೆ ಬಂದದ್ದು ಸಾರ್ಥಕವಾಯಿತು ಎನ್ನಿಸಿತು.

ಊರಿಗೆ ಬಂದ ಮೇಲೆ ಹದಿನೈದು ದಿನ ಅವರು ಬೇರೆ ಕೆಲಸ ಮುಟ್ಟಲಿಲ್ಲ. ಗಿಟಾರಿನ ಲೋಹದ ಕುದುರೆಯನ್ನು, ಎಂದರೆ ತಂತಿಗಳು ಹಾದುಹೋಗುವ ದಿಂಡನ್ನು, ಕಿತ್ತು, ಕೋಣದ ಕೊಂಬಿನಿಂದ ಅಗಲವಾದ ಹೊಸ ಕುದುರೆಯನ್ನು ಕೆತ್ತಿ ಕೂರಿಸಿದರು. ತಂಬೂರಿಯಲ್ಲಿ ಝೇಂಕಾರ ಹುಟ್ಟಿಸಲು ತಂತಿಯ ಕೆಳಗೆ ಹತ್ತಿಯ ನೂಲಿಡುತ್ತಾರಲ್ಲ, ಆ ಜೀವಾಳವನ್ನೂ ಇಟ್ಟರು. ಕಡೆಗೆ ಅಂಗಡಿಯವನು ಬಿಗಿದುಕೊಟ್ಟಿದ್ದ ಉಕ್ಕಿನ ತಂತಿಗಳನ್ನೆಲ್ಲ ಬಿಚ್ಚಿ ಸುರುಳಿ ಸುತ್ತಿ ಜೇಬಿಗೆ ಹಾಕಿಕೊಂಡು, ಆರಕ್ಕೆ ಆರೂ ಹಿತ್ತಾಳೆಯ ತಂತಿ ಕಟ್ಟಿದರು. ಯಾಕೆಂದು ಕೇಳಿದೆ.

‘ಉಕ್ಕು ಕಿರುಚ್ತದೆ ಮೇಷ್ಟ್ರೇ. ಅಕ್ಕನ ದನಿ ಕೂರೋದು ಹಿತ್ತಾಳೆ ಮೇಲೆ. ನನಗೆ ಗೊತ್ತಿಲ್ವಾ?’

ರೇಡಿಯೋಕ್ಕೆ ಒಮ್ಮೆ ಸಿಕ್ಕಿಸಿ ನೋಡೋಣ ಎಂದು ನಾನು ಪೀಡಿಸಿದೆ. ಸಾಧ್ಯವೇ? ವಾದ್ಯ ಅಕ್ಕನದು, ಮೊದಲ ದನಿ ಅವಳದು. ಹಲ್ಲು ಹಚ್ಚಿ ಶ್ರುತಿ ಮಾಡಿ, ‘ಕೂತ್ಕಂತು’ ಎಂದು ಪಂಚೆಯಲ್ಲಿ ಸುತ್ತಿಟ್ಟರು. ಉಳವಿಯಲ್ಲಿ ಸುಗ್ಗಿ ಮುಗಿದು ಅಕ್ಕ ಬರುವವರೆಗೆ ಅದು ಹಾಗೆಯೇ ನಿದ್ದೆ ಮಾಡಿತು.

ಹುಚ್ಚಮ್ಮ ಬಂದದ್ದು ಜನವರಿಯ ಒಂದು ಬೆಳಗ್ಗೆ, ಸೊರಬದ ಬಸ್ಸಿನಲ್ಲಿ. ಹೆಗಲ ಮೇಲೆ ಗಂಟುಹಾಕಿದ ಸೀರೆ, ಹಣೆತುಂಬ ವಿಭೂತಿ, ಬೊಚ್ಚುಬಾಯಿಯ ತುಂಬು ನಗು. ಗುತ್ಯಪ್ಪನವರು ನೇರ ನಮ್ಮ ಮನೆಗೆ ಕರೆತಂದರು. ನನ್ನ ಹೆಂಡತಿ ನೀಲಾಂಬಿಕ ನಡುಮನೆಯಲ್ಲಿ ಕಂಬಳಿ ಹಾಸಿ, ಹೊಸ ವಾದ್ಯಕ್ಕೆ ಒಂದು ಹೂ ಮುಡಿಸಿದಳು. ಗುತ್ಯಪ್ಪನವರು ಅಕ್ಕನ ಮುಖದ ಮುಂದೆ ಕುಳಿತು, ತುಟಿ ಕಾಣುವ ಹಾಗೆ, ‘ಅಕ್ಕಾ, ಇದು ಗುಡುಗಿನಂಗೆ ಕೇಳ್ತದೆ. ನೀನು ಹಾಡು ಮತ್ತೆ’ ಎಂದರು. ನಾನು ಗಿಟಾರಿನ ವೈರನ್ನು ಸಿಕ್ಕಿಸಿ ರೇಡಿಯೋದ ಗುಂಡಿಯನ್ನು ಅರ್ಧ ತಿರುಗಿಸಿದೆ. ಅವರು ಕೈಮುಗಿದು ತಂತಿಗಳನ್ನು ಮೀಟಿದರು.

ರೇಡಿಯೋ ಗುಂಯ್ ಎಂದಿತು, ಅಷ್ಟೆ, ಮೀಟಿಗೆ ಮಾರುತ್ತರವಿಲ್ಲ. ಗುಂಡಿಯನ್ನು ಪೂರ್ತಿ ತಿರುಗಿಸಿದೆ. ವೈರನ್ನು ಕಿತ್ತು ಮತ್ತೆ ಸಿಕ್ಕಿಸಿದೆ. ಗುತ್ಯಪ್ಪ ಮತ್ತೂ ಬಲವಾಗಿ ಮೀಟಿದರು. ಬೆಂಗಳೂರಿನಲ್ಲಿ ಗಾಜು ನಡುಗಿಸಿದ ವಾದ್ಯ ಮಂಚದ ಹಲಗೆಯ ಹಾಗೆ ಮೂಕವಾಗಿತ್ತು. ನಾನು ಅಂಗಡಿಯವನ ಮೇಲೆ ರೇಗಿ, ಮನಸ್ಸಿನಲ್ಲೇ ಅವನಿಗೊಂದು ಖಾರವಾದ ಪತ್ರ ಬರೆಯತೊಡಗಿದ್ದೆ. ಆಗ ಹುಚ್ಚಮ್ಮ ಕೈಚಾಚಿ ತಮ್ಮನ ಮಣಿಕಟ್ಟು ಹಿಡಿದಳು.

‘ಬಿಡು ತಮ್ಮಾ. ಚೆನ್ನಾಗೇ ನುಡಿಸ್ತಿದ್ದೀಯ, ನಿನ್ನ ಕೈ ನೋಡಿದ್ರೇ ಗೊತ್ತಾಗ್ತದೆ. ಗುಡುಗೂ ಮುಟ್ಟಲ್ಲ ಕಣೋ ನನ್ನ ಕಿವಿಗೆ. ನೀನು ಅದಕ್ಕೆಲ್ಲ ಬೇಜಾರು ಮಾಡ್ಕಬ್ಯಾಡ.’

ನಾದ ಹೊಮ್ಮುತ್ತಿದೆ, ನಾವೆಲ್ಲ ಕೇಳುತ್ತಿದ್ದೇವೆ, ತನಗೊಬ್ಬಳಿಗೇ ಇಲ್ಲ ಎಂದು ಅವಳು ತಿಳಿದಿದ್ದಳು. ‘ಇಲ್ಲಮ್ಮ, ನಮಗೂ ಕೇಳುತ್ತಿಲ್ಲ’ ಎಂದು ನಾನು ಕೂಗಿದೆ. ಆ ಕೂಗೂ ಅವಳಿಗೆ ಮುಟ್ಟಲಿಲ್ಲ. ನೀಲಾಂಬಿಕ ಒಳಗೆ ಹೋಗಿಬಿಟ್ಟಳು. ನನಗೆ ಆ ಗಳಿಗೆಯಲ್ಲಿ ಆದಷ್ಟು ಸಂಕಟ ನನ್ನ ಸ್ವಂತ ದುಃಖಗಳಲ್ಲಿಯೂ ಆದದ್ದು ಕಡಿಮೆ.

ಗುತ್ಯಪ್ಪನವರಿಗೆ ಏನು ತೋಚಿತೋ, ಬಹುಶಃ ಏನೂ ತೋಚಲಿಲ್ಲ. ಅಭ್ಯಾಸಬಲದಿಂದ ಗಿಟಾರನ್ನು ಎತ್ತಿ, ತಂತಿ ನುಡಿಯುತ್ತಿದೆಯೇ ಎಂದು ನೋಡಲು ಅದರ ತಲೆಗೆ ಹಲ್ಲು ಹಚ್ಚಿದರು. ಮೀಟಿದರು. ಕಣ್ಣು ಮುಚ್ಚಿದವರು ಒಮ್ಮೆಲೇ ತೆರೆದು, ಅಕ್ಕನನ್ನೇ ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ವಾದ್ಯವನ್ನು ತಂಬೂರಿಯ ಹಾಗೆ ನೆಟ್ಟಗೆ ಅವಳ ಮಡಿಲಲ್ಲಿ ನಿಲ್ಲಿಸಿ, ಅದರ ತಲೆಯನ್ನು, ಕಚ್ಚಲು ಹಲ್ಲಿಲ್ಲದ ಅವಳ ಕಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡಿದು, ಆರೂ ತಂತಿಗಳ ಮೇಲೆ ಬೆರಳಾಡಿಸಿದರು.

ಹುಚ್ಚಮ್ಮನ ನಗು ನಿಂತಿತು. ಕೈ ತಾನಾಗಿ ಎದ್ದು ವಾದ್ಯದ ಕೊರಳನ್ನು ಅಪ್ಪಿಕೊಂಡಿತು. ತಮ್ಮ ಮೀಟುತ್ತಲೇ ಇದ್ದರು. ಆಮೇಲೆ, ಗಂಟಲು ಸರಿಮಾಡಿಕೊಂಡು, ಹಳೆಯದೊಂದು ತತ್ವಪದವನ್ನು ಎತ್ತಿದಳು. ಮೊದಲ ಸಾಲು ತುಕ್ಕು ಹಿಡಿದ ಬಾಗಿಲು ತೆರೆದ ಹಾಗಿತ್ತು. ಎರಡನೆಯದರಲ್ಲಿ ದನಿ ನೆಲೆ ಕಂಡಿತು. ಬುರುಡೆಯಿಲ್ಲದ ಆ ಹಲಗೆಯ ಸದ್ದು ನಾಲ್ಕು ಮೊಳ ದೂರದಲ್ಲಿದ್ದ ನಮ್ಮನ್ನು ತಲುಪುತ್ತಿರಲಿಲ್ಲ. ನಮಗೆ ಕೇಳಿಸಿದ್ದು ಬರಿಯ ಹಾಡು. ಶ್ರುತಿ ಅವಳೊಬ್ಬಳ ತಲೆಯೊಳಗಿತ್ತು. ಆದರೂ ಪದ ಮುಗಿಯುವವರೆಗೆ ಆ ದನಿ ಒಂದು ಕೂದಲೆಳೆಯಷ್ಟೂ ಜಾರಲಿಲ್ಲ. ಅಂದು ಆ ಕೋಣೆಯಲ್ಲಿ ಕಿವುಡರಾಗಿದ್ದವರು ನಾವು.

ಪದ ಮುಗಿಸಿ ಹುಚ್ಚಮ್ಮ ಕಣ್ಣೊರೆಸಿಕೊಂಡು, ‘ಕೂತ್ಕಂತು ಕಣೋ’ ಎಂದಳು. ಆ ಮಾತು ತಮ್ಮನಿಗೆ ಎಲ್ಲಿಂದ ಬಂದಿತ್ತೆಂದು ನನಗೆ ತಿಳಿದದ್ದು ಆಗ. ಗುತ್ಯಪ್ಪನವರು ಕೋಟಿನ ತೋಳಿನಲ್ಲಿ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು.

ಮೈಕ್ ಸೆಟ್ಟಿನ ಆನಂದಪ್ಪ ಮರುದಿನ ಒಂದು ಮೊಳೆಯನ್ನೂ ಒಂದು ಹಿತ್ತಾಳೆ ತುಂಡನ್ನೂ ಗಿಟಾರಿನ ಅಯಸ್ಕಾಂತದ ಮುಂದೆ ಹಿಡಿದು ತೋರಿಸಿದ. ಮೊಳೆ ಟಕ್ಕನೆ ಅಂಟಿತು, ಹಿತ್ತಾಳೆ ಅಲುಗಲಿಲ್ಲ. ‘ಇದಕ್ಕ ಕಬ್ಬಿಣಾನೇ ಬೇಕ್ರೀ. ಹಿತ್ತಾಳಿ ತಂತಿ ಎಷ್ಟು ಮೀಟಿದ್ರೂ ಒಳಗ ಗೊತ್ತಾಗಂಗಿಲ್ಲ’ ಎಂದ. ಹದಿನೈದು ದಿನದ ದುಡಿಮೆಯಿಂದ ಆ ವಾದ್ಯವನ್ನು ಮೂಕ ಮಾಡಿದ್ದು ಗುತ್ಯಪ್ಪನವರೇ! ಅಂಗಡಿಯವನಿಗೆ ಪತ್ರ ಹಾಕದಿದ್ದುದರಿಂದ ನನ್ನ ಮರ್ಯಾದೆ ಉಳಿಯಿತು. ಉಕ್ಕಿನ ತಂತಿ ಮತ್ತೆ ಕಟ್ಟಿ ಎಂದು ನಾನು ಹೇಳಿದ್ದಕ್ಕೆ ಅವರು ಒಪ್ಪಲಿಲ್ಲ. ಉಳವಿಯಲ್ಲಿ ಕರೆಂಟಿಲ್ಲ, ಅಕ್ಕನಿಗೆ ಅದರ ಗರಜೂ ಇಲ್ಲ.

‘ಅಲ್ಲ ಗುತ್ಯಪ್ಪನವರೇ, ಮೂಳೆಗೆ ಒತ್ತಿ ಹಿಡಿಯುವುದಕ್ಕೆ ಬೆಂಗಳೂರಿಗೆ ಹೋಗಬೇಕಿತ್ತೇ? ಮನೆಯ ತಂಬೂರಿಯನ್ನೇ ಒತ್ತಿದ್ದರೆ ಆಗುತ್ತಿರಲಿಲ್ಲವೇ?’ ಎಂದು ಕೆಣಕಿದೆ.

‘ಆಗ್ತಿತ್ತೇನೋ. ಬುರುಡೆ ನಾದಾನ ಊರಿಗೆಲ್ಲ ಹಂಚ್ತದೆ, ಈ ಹಲಗೆ ತನ್ನಲ್ಲೇ ಇಟ್ಕಂತದೆ, ಅದೊಂದು ಅನುಕೂಲ’ ಎಂದು ಮೊದಲು ಸಮರ್ಥಿಸಿಕೊಂಡರು. ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತ ಕುಳಿತು, ‘ನಿಜ ಹೇಳ್ಬೇಕು ಅಂದ್ರೆ ಮೇಷ್ಟ್ರೇ, ಮೂವತ್ತು ವರ್ಷ ಕಚ್ಚಿದೀನಿ. ಅದು ನನ್ನ ಕಸುಬಿನ ಚಾಳಿ ಅಂತ ತಿಳ್ಕಂಡಿದ್ದೆ. ಅಕ್ಕನಿಗೂ ದವಡೆ ಐತೆ ಅಂತ ಹೊಳೀಲೇ ಇಲ್ಲ’ ಎಂದು ತಲೆ ತಗ್ಗಿಸಿದರು. ಆರು ವರ್ಷದ ಮೌನವನ್ನು ಅವರು ಆಗ ಲೆಕ್ಕ ಹಾಕುತ್ತಿದ್ದರೆಂದು ಕಾಣುತ್ತದೆ. ನನ್ನ ಕೆಣಕು ನನಗೇ ಚುಚ್ಚಿತು.

ಹುಚ್ಚಮ್ಮ ಆ ಗಿಟಾರನ್ನು ಪಂಚೆಯಲ್ಲಿ ಸುತ್ತಿ ಉಳವಿಗೆ ಒಯ್ದಳು. ಬಾಳಿದಷ್ಟು ದಿನವೂ ಅದಕ್ಕೆ ತಲೆಯೊರಗಿಸಿ, ತಾನೇ ಮೀಟಿಕೊಂಡು ಹಾಡಿದಳೆಂದು ಕೇಳಿದ್ದೇನೆ. ವೈರು ನನ್ನ ಮೇಜಿನ ಖಾನೆಯಲ್ಲಿಯೇ ಉಳಿಯಿತು; ಎಷ್ಟೋ ಊರಿಗೆ ವರ್ಗವಾದರೂ ನಾನು ಅದನ್ನು ಎಸೆದಿಲ್ಲ.

ನನ್ನಂಥ ಓದಿದವರು ತಿಳಿದದ್ದನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡು ಕೇಳಿದವರಿಗೂ ಕೇಳದವರಿಗೂ ಹಂಚುತ್ತೇವೆ. ಗುತ್ಯಪ್ಪನವರಂಥ ಕಸುಬಿನ ಜನಕ್ಕೆ ತಮಗೆ ತಿಳಿದಿದೆ ಎಂಬುದೇ ತಿಳಿದಿರುವುದಿಲ್ಲ. ಅದು ಅವರ ಬೆರಳಿನಲ್ಲಿ, ಭುಜದಲ್ಲಿ, ದವಡೆಯಲ್ಲಿ ಸುಮ್ಮನೆ ಕುಳಿತಿರುತ್ತದೆ. ತೀರ ಬೇಕಾದವರೊಬ್ಬರು ಎದುರಿಗೆ ಕುಳಿತು, ಕೈಯಲ್ಲಿದ್ದ ಉಪಾಯಗಳೆಲ್ಲ ಮುಗಿದು, ಇನ್ನೇನೂ ತೋಚದೆ ಹೋದಾಗ ಮಾತ್ರ ಅದು ಎದ್ದು ಬರುತ್ತದೆ. ಅಂಥವರನ್ನು ಕಂಡಾಗ ನಾನು ಈಗ ಮಾತು ಕಡಿಮೆ ಮಾಡುತ್ತೇನೆ. ಅವರು ಮರವನ್ನು ಕಚ್ಚಿದರೂ ನಾನು ನಾಚಿ ಗೋಡೆಯ ಕಡೆಗೆ ತಿರುಗುವುದಿಲ್ಲ.