ಕಪ್ಪು ಕವರಿನ ಮರ್ಯಾದೆ

ಗಿರಾಕಿ ಏನು ಕೊಂಡನೆಂದು ಯಾರಿಗೂ ಹೇಳಬಾರದು ಎಂದು ತಂದೆ ಕೊನೆಗಾಲದಲ್ಲಿ ಕೇಳಿಕೊಂಡಾಗ, ನಿಯಾಝ್ ಆಗಲಿ ಎಂದು ಮಾತು ಕೊಟ್ಟಿದ್ದ. ಕಡಬದಲ್ಲಿ ಅವನ ಮೀನಂಗಡಿ ನಡೆಯುವುದೇ ಈ ಗುಟ್ಟಿನ ಮೇಲೆ.

ಅದಕ್ಕೇ ಪ್ಲಾಸ್ಟಿಕ್ ನಿಷೇಧದ ಸಭೆಯಲ್ಲಿ ಅವನು ಹಲ್ಲುಕಚ್ಚಿ ಕೂತ. ರಬ್ಬರ್ ತೋಟದ ಚೆರಿಯನ್ ಮೈಕು ಹಿಡಿದಿದ್ದ.

"ಊರು ಹಾಳು ಮಾಡುದೇ ಈ ನಿಯಾಝನ ಕಪ್ಪು ಕವರು. ಹಿಂದಿನವರು ಎಲೆಯಲ್ಲಿ ಕಟ್ಟಿ ಕೊಡ್ತಿರಲಿಲ್ವಾ?"

ಈಸ್ಟರಿಗೆ ಮುಂಚಿನ ನೋಂಬಿನ ವ್ರತದಲ್ಲಿ ಮೀನು ಮುಟ್ಟುವುದಿಲ್ಲವೆಂದು ಇಗರ್ಜಿಯಲ್ಲಿ ಎದೆಯುಬ್ಬಿಸುವ ಈ ಮಹಾನುಭಾವ, ನೋಂಬಿನುದ್ದಕ್ಕೂ ಅದೇ ಕಪ್ಪು ಕವರಿನಲ್ಲಿ ಬಂಗುಡೆ ಒಯ್ದು, ರಬ್ಬರ್ ಶೀಟು ಒಣಗಿಸುವ ಹೊಗೆಮನೆಯಲ್ಲಿ ಸುಟ್ಟು ತಿನ್ನುತ್ತಿದ್ದ. ಆ ಹೊಗೆಯಲ್ಲಿ ಮೀನಿನ ವಾಸನೆ ಹೆಂಡತಿಯ ಮೂಗಿಗೆ ಹೋಗುವುದಿಲ್ಲವೆಂಬ ಲೆಕ್ಕಾಚಾರ. ಸಭೆಯೋ, ಚಪ್ಪಾಳೆ ತಟ್ಟಿತು. ಇನ್ನು ಕವರು ಕಂಡರೆ ಅಂಗಡಿಗೆ ಬೀಗ ಎಂದು ತೀರ್ಮಾನವಾಯಿತು.

ಮರುದಿನ ನೋಂಬಿನ ಶುಕ್ರವಾರ. ಚೆರಿಯನ್ ಬಂದು ಪಿಸುಗುಟ್ಟಿದ.

"ಒಂದು ಕಿಲೋ ಬಂಗುಡೆ. ಕವರು ಒಳಗಿಂದ ತೆಗಿ ಮಾರಾಯ. ನಿಷೇಧ ಎಲ್ಲ ಊರವರಿಗೆ, ನಮಗೆ ಎಂತದು?"

"ಅಂಗಡಿಗೆ ಬೀಗ ಬಿದ್ರೆ ನನ್ನ ಮಕ್ಕಳಿಗೆ ನೀವು ಗಂಜಿ ಹಾಕ್ತೀರಾ ಚೇಟಾ? ನೀವು ಹೇಳಿದ ಎಲೆ ಉಂಟಲ್ಲ."

ನಾಲಿಗೆಯ ಚಪಲ ನಾಚಿಕೆಯನ್ನು ಗೆದ್ದಿತು. ಬಾಳೆಲೆಯ ಕಟ್ಟನ್ನು ಅಂಗಿಯೊಳಗೆ ತುರುಕಿಕೊಂಡು ಚೆರಿಯನ್ ಹೊರಗೆ ಕಾಲಿಟ್ಟರೆ, ಇಗರ್ಜಿಯಿಂದ ಬಂದ ಹೆಂಡತಿ ಮೇರಿಕುಟ್ಟಿ ಎದುರಿಗೇ ಜೀಪಿನಿಂದ ಇಳಿಯುತ್ತಿದ್ದಳು. ಅವನ ಬಿಳಿ ಅಂಗಿಯ ಮೇಲೆ ಮೀನಿನ ನೀರು ಇಳಿಯುತ್ತಿತ್ತು, ಗುಂಡಿಗಳ ನಡುವಿನಿಂದ ಬಂಗುಡೆಯ ಬಾಲವೊಂದು ಇಣುಕುತ್ತಿತ್ತು.

"ನಿಯಾಝೇ, ಇವರು ಎಂತ ತೆಗೊಂಡದ್ದು?"

"ಗಿರಾಕಿಯ ವಿಷಯ ನಾನು ಹೇಳುದಿಲ್ಲ ಚೇಚಿ."

ತಂದೆಗೆ ಕೊಟ್ಟ ಮಾತನ್ನು ನಿಯಾಝ್ ಉಳಿಸಿಕೊಂಡ.