ಅಳತೆಗೆ ನಿಂತವಳು

“ಹಿಮ್ಮಡಿ ಗೋಡೆಗೆ ತಾಗಲಿ. ಉಸಿರು ಬಿಗಿಹಿಡೀಬೇಡಿ ಮೇಡಂ, ಅರ್ಧ ಸೆಂಟಿಮೀಟರ್ ಏರಿಬಿಡುತ್ತೆ.”

ಅವಳು ಉಸಿರು ಬಿಟ್ಟಳು. ಗಂಡನ ಪುಸ್ತಕದ ಸಂಪಾದಕ ಅವಳ ನೆತ್ತಿಯ ಮೇಲೆ ಮರದ ಪಟ್ಟಿಯನ್ನು ಅಡ್ಡ ಇಟ್ಟು, ಗೋಡೆಗೆ ಪೆನ್ಸಿಲಿನಿಂದ ಗೀರಿ, ಟೇಪು ಎಳೆದ. ಗಂಡ ಸತ್ತ ಈ ಎಂಟು ತಿಂಗಳಲ್ಲಿ ಯಾವ ಗಂಡಸೂ ಅವಳಿಗೆ ಇಷ್ಟು ಹತ್ತಿರ ನಿಂತಿರಲಿಲ್ಲ. ಇವನ ಅಂಗಿಯೂ ಅಂಟಿನ ವಾಸನೆ ಹೊಡೆಯುತ್ತಿತ್ತು.

“ನೂರೈವತ್ತೇಳು,” ಎಂದ ನಿರಾಸೆಯಿಂದ. “ನಿಮ್ಮ ಯಜಮಾನರು ಬರೆದಿದ್ದೂ ಅಷ್ಟೇ.”

ತನ್ನ ಮಗನ ಕಣ್ಣಿಂದ ಒಂದು ಸಾಸಿವೆ ಕಾಳೂ ತಪ್ಪಿಸಿಕೊಳ್ಳುತ್ತಿರಲಿಲ್ಲ ಎಂದರು ಸೋಫಾದಲ್ಲಿದ್ದ ಅತ್ತೆ. ಮಾತಾಡಿಸಿ ಹೋಗಲು ಬಂದವರಿಗೆಲ್ಲ ಅವರು ಹೇಳಿದ್ದು ಇದನ್ನೇ. ಪ್ರತಿ ಸಲವೂ ಅವಳು ತಲೆಯಾಡಿಸಿದ್ದಳು. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವಳಾದರೂ ಈ ಒಂದು ಮಾತಿಗೆ ಪುರಾವೆ ಕೇಳುವ ಮನಸ್ಸಾಗಿರಲಿಲ್ಲ. ಮಾತಿಲ್ಲದ ಮನುಷ್ಯ, ನಿಜ; ಆದರೆ ನೋಡುತ್ತಿದ್ದ. ಅಷ್ಟನ್ನು ಹಿಡಿದುಕೊಂಡು ಬೆಳಗಾಗುತ್ತಿತ್ತು, ಬೈಗಾಗುತ್ತಿತ್ತು.

ಮೇಜಿನ ಮೇಲೆ ಗಂಡ ಬರೆದ ಪುಸ್ತಕವಿತ್ತು. ಸೇನೆಯ ಟ್ಯಾಂಕುಗಳ ಪುಟ್ಟ ಮಾದರಿ ಕಟ್ಟುವವರಿಗೆ ಕೈಪಿಡಿ. ಮೀಸೆ ನರೆತ ಗಂಡಸರು ಅದನ್ನು ಮುಂದಿಟ್ಟುಕೊಂಡು, ಮೂವತ್ತೈದರಲ್ಲಿ ಒಂದು ಪಾಲಿನ ಪ್ಲಾಸ್ಟಿಕ್ ಟ್ಯಾಂಕಿಗೆ ಚಿಮಟದಿಂದ ಬೋಲ್ಟು ಅಂಟಿಸುತ್ತಿದ್ದರು. ಯುದ್ಧ ಯಾರ ಮೇಲೆ ಎಂಬುದು ಅವರಿಗೆ ಬೇಡ. ಬೋಲ್ಟು ಎಷ್ಟು ಎಂಬುದು ಬೇಕು.

ಈಗ ಒಬ್ಬ ಓದುಗ ಹಳೆಯದಾಗಿ ವಸ್ತುಸಂಗ್ರಹಾಲಯ ಸೇರಿದ ನಿಜವಾದ ಟ್ಯಾಂಕನ್ನೇ ಅಳೆದಿದ್ದ. ಪುಸ್ತಕದ್ದು ನೂರಕ್ಕೆ ನಾಲ್ಕು ಪಾಲು ಕುಳ್ಳು. ಮಾದರಿಯಲ್ಲಿ ಎರಡೂವರೆ ಮಿಲಿಮೀಟರ್. ಹತ್ತೊಂಬತ್ತು ಪತ್ರ ಬಂದಿದ್ದವು. ತನ್ನ ಮೂರು ವರ್ಷದ ಕೆಲಸ ಕಸದ ಬುಟ್ಟಿಗೆ ಹೋಯಿತು, ಲೇಖಕ ಎಲ್ಲಿ ತಲೆಮರೆಸಿಕೊಂಡಿದ್ದಾನೆ ಎಂದು ಒಬ್ಬ ಕೇಳಿದ್ದ.

ನಕ್ಷೆಗಳೆಲ್ಲ ಹುಟ್ಟಿದ್ದು ನಲವತ್ತೊಂದನೇ ಪುಟದ ಫೋಟೊದಿಂದ. ಟ್ಯಾಂಕಿನ ಪಕ್ಕ ಅವಳು ನಿಂತಿದ್ದಾಳೆ. ಅಂದು ಸೇನೆಯ ಮೈದಾನದಲ್ಲಿ ಟೇಪು ಹಿಡಿದರೆ ಕಾವಲಿನವನು ಓಡಿ ಬರುತ್ತಿದ್ದ. ಹೆಂಡತಿಯನ್ನು ನಿಲ್ಲಿಸಿ ಫೋಟೊ ತೆಗೆದರೆ ಮುಗುಳ್ನಕ್ಕು ದೂರ ಸರಿಯುತ್ತಿದ್ದ. ಅದು ಈ ಕಸುಬಿನವರ ಹಳೇ ಉಪಾಯ. ಎತ್ತರ ಗೊತ್ತಿರುವ ಒಬ್ಬರನ್ನು ನಿಲ್ಲಿಸಿದರೆ ಮಿಕ್ಕಿದ್ದನ್ನೆಲ್ಲ ಲೆಕ್ಕ ಹಾಕಿಕೊಳ್ಳಬಹುದು.

ಸಂಪಾದಕ ಟೇಪು ಸುತ್ತಿಕೊಂಡು, ನೆಲ ನೋಡುತ್ತ ಹೇಳಿದ. ತಪ್ಪಿನ ಮೂಲ ಗೊತ್ತಾದರೆ ಎಲ್ಲ ಅಳತೆಯನ್ನೂ ಒಂದೇ ಸಲಕ್ಕೆ ತಿದ್ದಬಹುದು. ಗೊತ್ತಾಗದಿದ್ದರೆ ಯಾವ ನಕ್ಷೆಯನ್ನೂ ನಂಬುವ ಹಾಗಿಲ್ಲ. ಎರಡನೇ ಮುದ್ರಣದಲ್ಲಿ ನಕ್ಷೆಗಳನ್ನು ಬೇರೆಯವರಿಂದ ಬರೆಸಬೇಕು, ಹೆಸರೂ ಅವರದೇ ಬರುತ್ತದೆ.

ಅತ್ತೆ ಅವಳನ್ನು ಅಡುಗೆಮನೆಗೆ ಕರೆದರು. ನಲ್ಲಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಕೇಳಿದರು.

“ಹೆಸರು ತೆಗೀತಾನಂತಲ್ಲೇ. ಅವತ್ತು ಜೊತೆಗಿದ್ದೋಳು ನೀನೊಬ್ಬಳೇ. ಏನಾದರೂ ಗೊತ್ತಿದ್ದರೆ ಹೇಳು, ನಿನ್ನ ಗಂಟೇನು ಹೋಗುತ್ತೆ?”

ಅವಳಿಗೆ ಗೊತ್ತಿತ್ತು. ಮರದ ಪಟ್ಟಿ ನೆತ್ತಿಗೆ ತಾಗಿದಾಗಲೇ ಗೊತ್ತಾಗಿತ್ತು.

ಮದುವೆಯಾದ ಮೇಲೆ ಅವನು ಎಲ್ಲಿಗಾದರೂ ಹೋಗೋಣ ಎಂದದ್ದು ಅದೇ ಮೊದಲು. ಅವಳು ಹೊಸ ಹೀಲ್ಸ್ ಹಾಕಿಕೊಂಡಿದ್ದಳು. ಮೈದಾನದಲ್ಲಿ ಕಣಕಾಲು ಮುಳುಗುವಷ್ಟು ಹುಲ್ಲು, ಫೋಟೊದಲ್ಲಿ ಹೀಲ್ಸ್ ಕಾಣುವುದಿಲ್ಲ. ಆದರೂ ಮನೆಯಿಂದ ಅಲ್ಲಿಯವರೆಗೆ ಅವನ ಪಕ್ಕದಲ್ಲೇ, ಅವನ ಕಿವಿಯ ಸಮಕ್ಕೆ ಬಂದು, ಟಕಟಕ ಸದ್ದು ಮಾಡುತ್ತ ನಡೆದಿದ್ದಳು. ಇಪ್ಪತ್ತೆರಡು ಫೋಟೊ ತೆಗೆದ. ನೇರ ನಿಲ್ಲು, ನಗಬೇಡ, ಎಂದ. ಕಣ್ಣು ಕ್ಯಾಮೆರಾದಿಂದ ಕದಲಲಿಲ್ಲ. ಇಷ್ಟು ಹೊತ್ತು ತನ್ನನ್ನು ಯಾರೂ ನೋಡಿಲ್ಲ ಎಂದುಕೊಂಡು ಅವಳು ಬಿಸಿಲಲ್ಲಿ ಬೆವರಿದ್ದಳು. ಪುಸ್ತಕದಲ್ಲಿ ಆ ಫೋಟೊದ ಕೆಳಗೆ ಅವನು ಬರೆದದ್ದು: ಎಡಬದಿಯ ಮೂರನೇ ಬೋಲ್ಟಿಗೆ ವಾಷರ್ ಇಲ್ಲ.

ಹೇಳದಿದ್ದರೆ ಅವನ ಹೆಸರು ಹೋಗುತ್ತದೆ. ಹೇಳಿದರೆ ಅವನ ನೋಟ ಹೋಗುತ್ತದೆ. ಅವಳು ನಲ್ಲಿ ನಿಲ್ಲಿಸಿದಳು.

“ಅವತ್ತು ನಾನು ಹೀಲ್ಸ್ ಹಾಕಿದ್ದೆ,” ಎಂದಳು ಹೊರಗೆ ಬಂದು.

“ಎಷ್ಟು?”

“ಆರು ಸೆಂಟಿಮೀಟರ್ ಇರಬೇಕು.”

ಸಂಪಾದಕ ಕೂತಲ್ಲೇ ಲೆಕ್ಕ ಹಾಕಿದ. ನಕ್ಷೆಯಿಂದ ನಕ್ಷೆಗೆ ಬೆರಳು ಓಡಿಸಿದ. ಎಲ್ಲವೂ ಕೂಡಿಬಂತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅವನ ಮುಖದಲ್ಲಿ ನೆತ್ತರಾಡಿತು. ಹಾಗಾದರೆ ಲೇಖಕರದ್ದು ತಪ್ಪೇ ಇಲ್ಲ ಎಂದ.

“ನೀವು ಒಂದು ಮಾತು ಅವರಿಗೆ ಹೇಳಬೇಕಿತ್ತು, ಮೇಡಂ.”

“ಹೌದು,” ಎಂದಳು. “ಹೇಳಬೇಕಿತ್ತು.”

ಅತ್ತೆ ಕಣ್ಣೊರೆಸಿಕೊಂಡರು. ನಾನು ಹೇಳಲಿಲ್ಲವೇ, ಅವನ ಕಣ್ಣು ಅಂಥದ್ದು, ಎಂದರು. ಈ ಸಲ ತಲೆಯಾಡಿಸಲು ಹೋದವಳಿಗೆ ಕುತ್ತಿಗೆ ಬಗ್ಗಲಿಲ್ಲ. ಅದರಿಂದ ನೋವೇನೂ ಆಗಲಿಲ್ಲ.

ಸಂಪಾದಕ ಲ್ಯಾಪ್‌ಟಾಪ್ ತೆರೆದು ನಲವತ್ತೊಂದನೇ ಪುಟ ತಂದ. ಹೊಸ ಮುದ್ರಣದಲ್ಲಿ ಅಳತೆಗೆ ಮನುಷ್ಯರನ್ನು ಇಡುವುದಿಲ್ಲ, ಅಳತೆಗೋಲೇ ಸರಿ, ಕೋಲು ಚಪ್ಪಲಿ ಹಾಕುವುದಿಲ್ಲವಲ್ಲ, ಎಂದು ತಾನೇ ನಕ್ಕ. ಅವಳು ಪಕ್ಕದಲ್ಲಿ ಕೂತು ನೋಡಿದಳು. ಮೊದಲು ಹುಲ್ಲಿನ ಮೇಲಿನ ಕಾಲು ಹೋಯಿತು. ಆಮೇಲೆ ಸೊಂಟ, ಕೈ. ಮುಖವನ್ನು ಒಂದೇ ಎಳೆತಕ್ಕೆ ತೆಗೆದ.

“ಐದನೇ ಚಕ್ರ ನಿಮ್ಮ ಹಿಂದೆ ಸಿಕ್ಕಿಕೊಂಡಿತ್ತು. ನಾಲ್ಕನೇದನ್ನೇ ಇನ್ನೊಂದು ಸಲ ಹಾಕ್ತೀನಿ. ಚಕ್ರ ಎಲ್ಲಾ ಒಂದೇ.”

ಅವಳಿದ್ದ ಜಾಗದಲ್ಲಿ ಚಕ್ರ ಬಂತು. ಅದರ ಮುಂದೆ ಕೆಂಪು ಬಿಳಿ ಪಟ್ಟೆಯ ಕೋಲು ಬಂತು. ಆದರೆ ಬಲಕ್ಕೆ, ಟ್ಯಾಂಕಿನ ಪಕ್ಕದ ತಗಡಿನ ಮೇಲೆ, ಅವಳ ನೆರಳು ಉಳಿದಿತ್ತು. ಅವನು ಒರೆಸಿ ನೋಡಿದ. ನೆರಳಿನ ಜೊತೆ ಬೋಲ್ಟುಗಳೂ ಅಳಿಸಿದವು. ಹಿಂದಕ್ಕೆ ತಂದ.

“ಇದನ್ನ ತೆಗೆಯೋಕಾಗಲ್ಲ. ಟ್ಯಾಂಕು ಹಾಳಾಗುತ್ತೆ.”

ಸ್ವಲ್ಪ ಯೋಚಿಸಿ, ಫೋಟೊದ ಕೆಳಗೆ ಒಂದು ಸಾಲು ಟೈಪು ಮಾಡಿದ. ಭಾಷೆ ಸರಿಯಿದೆಯೇ ನೋಡಿ ಎಂದು ಲ್ಯಾಪ್‌ಟಾಪನ್ನು ಅವಳತ್ತ ತಿರುಗಿಸಿದ. ಕೋಲು ನೆಟ್ಟಗೆ ನಿಂತಿತ್ತು. ಅದರ ಬುಡದಿಂದ ಎದ್ದ ಹೆಣ್ಣಿನ ನೆರಳು, ಕೈ ಇಳಿಬಿಟ್ಟುಕೊಂಡು, ತಗಡಿಗೆ ಒರಗಿತ್ತು. ಕೆಳಗಿನ ಸಾಲನ್ನು ಅವಳು ಎರಡು ಸಲ ಓದಿದಳು.

ಪಕ್ಕದ ತಗಡಿನ ಮೇಲೆ ಕಾಣುವ ಕಪ್ಪು, ಬಣ್ಣವಲ್ಲ. ಮಾದರಿಗೆ ಬಳಿಯಬೇಡಿ.